ಹಿಂದಿನ ಆಕ್ಸಲ್‌ನ ಸದ್ದು

ಗೇರ್ ಆಯಿಲ್‌ನ ಗಂಧಕದಂಥ ವಾಸನೆ ಮೂಗಿಗೆ ಬಡಿದರೆ ಈಗಲೂ ಬಾಗಲಗುಂಟೆಯ ಮನೆಯಂಗಳದ ಆ ಭಾನುವಾರ ನೆನಪಾಗುತ್ತದೆ.

ತಾತ ಅಪ್ಪನಿಗೆ ಬಿಟ್ಟುಹೋಗಿದ್ದ ಹಳೆಯ ಕಾರನ್ನು ಮಾರಿ, ಅದು ನಿಂತಿದ್ದ ಜಾಗದಲ್ಲಿ ಬಾಡಿಗೆಗೊಂದು ಕೋಣೆ ಕಟ್ಟಿಸುವುದೆಂದು ಅಮ್ಮ ತೀರ್ಮಾನಿಸಿದ್ದರು. ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಎಂಬ ಗೇರ್ ಪೆಟ್ಟಿಗೆ ಊಳಿಡುತ್ತಿದೆಯೆಂದು ಅಪ್ಪ ಅದನ್ನು ಎರಡು ಸಲ ಬಿಚ್ಚಿ ಜೋಡಿಸಿದ್ದರು. ಹೊಸ ಬೇರಿಂಗ್ ಹಾಕಿ, ಗೇರಿನ ಹಲ್ಲುಗಳಿಗೆ ನೀಲಿ ಬಣ್ಣ ಬಳಿದು, ಹಲ್ಲಿಗೆ ಹಲ್ಲು ಸರಿಯಾಗಿ ಕೂತಿದೆಯೇ ಎಂದು ಗುರುತು ಬೀಳುವ ಜಾಗವನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದ್ದರು.

"ಸರಿಯಾಗೇ ಇದೆ ಕಣ್ರೀ, ಇನ್ನೆಷ್ಟು ಸಲ ಬಿಚ್ತೀರಾ?" ಎಂದರು ಅಮ್ಮ.

ಮಧ್ಯಾಹ್ನ ಕೊಳ್ಳುವವರೊಬ್ಬರು ಬಂದರು. ಅಪ್ಪ ಅವರನ್ನು ಮುಂದೆ, ನನ್ನನ್ನು ಹಿಂದೆ ಕೂರಿಸಿಕೊಂಡು ದಾಸರಹಳ್ಳಿಯವರೆಗೆ ಓಡಿಸಿದರು. ಕಾರು ಸದ್ದಿಲ್ಲದೆ ಬೆಣ್ಣೆಯಂತೆ ಸಾಗಿತು.

"ಸಕ್ಕತ್ತಾಗಿದೆ ಸಾರ್!" ಎಂದರು ಅವರು.

ಅಪ್ಪನ ಬೆರಳುಗಳು ಸ್ಟೀರಿಂಗ್ ಮೇಲೆ ಬಡಿಯುತ್ತಲೇ ಇದ್ದವು. ಕನ್ನಡಿಯಲ್ಲಿ ನನ್ನನ್ನೇ ನೋಡಿದರು. "ಹಿಂದೆ ಊಳಿಡ್ತಿದೆ ಅಲ್ವಾ ಪುಟ್ಟಿ? ಕೇಳಿಸ್ತಾ?"

"ಹೂಂ ಅಪ್ಪ, ಜೋರಾಗಿ ಕೇಳಿಸ್ತಿದೆ," ಎಂದೆ.

"ನೋಡಿದ್ರಾ ಸಾರ್? ನನ್ನ ಮಗಳಿಗೇ ಕೇಳಿಸ್ತಿದೆ. ಇಂಥ ಗಾಡಿ ನಿಮಗೆ ಹೇಗೆ ಕೊಡ್ಲಿ?"

ಮನೆಗೆ ಬಂದವರೇ ಅಪ್ಪ ಮೂರನೇ ಸಲ ಜಾಕ್ ಏರಿಸಿದರು. ಅಮ್ಮ ನನ್ನನ್ನು ಒಳಗೆ ಕರೆದು ಕೇಳಿದರು, "ನಿಜವಾಗ್ಲೂ ಸದ್ದಿತ್ತೇನೇ?"

ಹೂಂ ಎಂದೆ. ಅವರು ನನ್ನ ಮುಖ ನೋಡಿ, ಕಿಟಕಿಯಾಚೆ ತಾತನ ಕಾರಿನಡಿ ನುಸುಳಿದ್ದ ಅಪ್ಪನನ್ನು ನೋಡಿದರು. ಆಮೇಲೆ ಕೋಣೆ ಕಟ್ಟಬೇಕಿದ್ದ ಮೇಸ್ತ್ರಿಗೆ ಫೋನ್ ಮಾಡಿ, "ಇಟ್ಟಿಗೆ ಈಗ್ಲೇ ಬೇಡ ಅಣ್ಣ," ಎಂದರು.