ಸೊಸೆ ಆಡಿದ್ದ ಮಾತು

ಸೊಸೆಯ ಪಾತ್ರ ಮಾಡುತ್ತಿದ್ದ ನಟಿ ಭಕ್ತಿಯ ತುಟಿಗಳು ನಿಂತವು. ಇನ್ನು ಅತ್ತೆಯ ಪಾತ್ರದ ತುಳಸಾಬಾಯಿಯ ಮಾತು. ಕ್ಯಾಮೆರಾದ ಹಿಂದೆ ಪ್ರಾಂಪ್ಟರ್ ಅಕ್ಷಯ ಅದನ್ನು ಓದಿಹೇಳುತ್ತಿದ್ದಾನೆಂದು ಆಕೆಗೆ ಗೊತ್ತಿತ್ತು, ಆದರೆ ಕೇಳಿಸುತ್ತಿರಲಿಲ್ಲ. ಹೈದರಾಬಾದಿನ ಈ ಸ್ಟುಡಿಯೋದಲ್ಲಿ ಈಗ ಯಾರೂ ಮಾತು ಬಾಯಿಪಾಠ ಮಾಡುವುದಿಲ್ಲ, ಪ್ರಾಂಪ್ಟರ್ ಹೇಳಿದ್ದನ್ನೇ ಆಡುತ್ತಾರೆ. ಕೋಠಿ ಬಜಾರಿನಲ್ಲಿ ಕೊಂಡ ಕಿವಿಯ ಮಷೀನು ಆಕೆಯ ಪರ್ಸಿನಲ್ಲೇ ಇತ್ತು. ಯಾರಾದರೂ ಕಂಡರೆ ಪಾತ್ರ ಕೈತಪ್ಪುವ ಭಯ. ಎಷ್ಟೋ ವರ್ಷಗಳ ಮೇಲೆ ಕರೆದಿದ್ದರು, ಅದೂ ಹಿಂದೆ ಆಕೆಯೇ ನಟಿಸಿದ್ದ ಹಳೆಯ ಧಾರಾವಾಹಿಯನ್ನು ಹೊಸದಾಗಿ ಮಾಡುತ್ತಿದ್ದಾರೆಂದು.

ಅತ್ತೆಯ ವೇಷಕ್ಕೆಂದು ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ಗೊಂಚಲನ್ನು ಹಿಡಿದು ಬಾಯಿ ತೆರೆದಳು. ಆ ಹಳೆಯ ಧಾರಾವಾಹಿಯಲ್ಲಿ, ಇದೇ ದೃಶ್ಯದಲ್ಲಿ, ಸೊಸೆಯಾಗಿ ತಾನೇ ಆಡಿದ್ದ ಮಾತು ಹೊರಬಿತ್ತು: “ಅತ್ತೀ, ನನ್ನ ಹೊರಗ ಹಾಕಬ್ಯಾಡ್ರಿ. ನಾ ಎಲ್ಲಿ ಹೋಗ್ಲಿ?”

ಅಂದು ಟಿವಿಯ ಮುಂದೆ ಕೂತ ಜನ ಆ ಮಾತಿಗೆ ಕಲಸಿದ ಅನ್ನ ತಟ್ಟೆಯಲ್ಲೇ ಬಿಟ್ಟು ಅತ್ತಿದ್ದರು. ಇಂದು ಲೈಟ್‌ಮನ್ ನಕ್ಕ.

ನಿರ್ದೇಶಕ ಜಯತೀರ್ಥ ಎದುರಿಗೇ ಬಂದು ನಿಂತ. “ತುಳಸಾಬಾಯಾರ, ಅದು ನಿಮ್ಮ ಮಾತಲ್ರಿ. ಮತ್ತ ಅದೇ ತಪ್ಪು. ನಿಮಗ ಕೇಳಸಂಗಿಲ್ಲೇನ್ರಿ?”

ಅವನ ತುಟಿಗಳನ್ನೇ ನೋಡುತ್ತಿದ್ದ ಆಕೆ, “ಭಾಳ ಛಲೋ ಕೇಳಸ್ತದರಿ,” ಎಂದಳು. ಅವನು ಮುಖ ತಿರುಗಿಸಿ ಕಾಸ್ಟ್ಯೂಮ್ ನೋಡಿಕೊಳ್ಳುವ ಗುರುದೇವಿಗೆ ಅತ್ತೆಯ ವೇಷ ಬಿಚ್ಚಿಸುವಂತೆ ಸನ್ನೆ ಮಾಡಿದ. ಗುರುದೇವಿ ಬಂದು ಗೊಂಚಲು ಬಿಚ್ಚಲು ಸೊಂಟಕ್ಕೆ ಕೈ ಹಾಕಿದಳು. ತುಳಸಾಬಾಯಿ ಅದನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು.

“ಸರ್, ನನ್ನ ಹೊರಗ ಹಾಕಬ್ಯಾಡ್ರಿ,” ಎಂದಳು. ಕ್ಯಾಮೆರಾ ಆಗಲೇ ಆಫ್ ಆಗಿತ್ತು. “ನಾ ಎಲ್ಲಿ ಹೋಗ್ಲಿ?”