ಮೆರವಣಿಗೆಯ ಆಸ್ಟಿನ್

ಹಿಂದಿನ ಸೀಟಿನ ಬೆನ್ನನ್ನು ಸರ್ವಮಂಗಳಮ್ಮ ಮತ್ತೆ ಬಿಚ್ಚಿಸಿದರು. ಹನುಮಣ್ಣನಿಗೆ ರೇಗಿತು. ಜಗಳೂರಿನಿಂದ ಬಂದು ಸಂತೇಬೆನ್ನೂರಿನಲ್ಲಿ ಗ್ಯಾರೇಜು ಇಟ್ಟ ಮೇಲೆ ಇಂಥ ಗಿರಾಕಿಯನ್ನು ಅವನು ನೋಡಿರಲಿಲ್ಲ.

“ಇನ್ನೂ ನೆಟ್ಟಗಾಗ್ಬೇಕಪ್ಪಾ. ಎರಡೂ ಕಡೆ ಹಿಡಿಯಾಕೆ ಕಂಬಿ ಹಾಕು.”

“ಮದುಮಗ ಏನ್ ಹಸುಗೂಸೇನ್ರಮ್ಮಾ, ಜಾರಿ ಬೀಳಾಕೆ? ಮಗ್ಗುಲಾಗೆ ಮದುಮಗಳು ಕೂರಾಕೂ ಜಾಗ ಬ್ಯಾಡ್ವಾ?”

“ಅವನೊಬ್ಬನಿಗೆ ಆದ್ರೆ ಸಾಕು.”

ಆ ಆಸ್ಟಿನ್ ಕಾರು ಅವರ ಗಂಡನದು. ಆತ ತೀರಿಕೊಂಡಾಗಿನಿಂದ ಹಿತ್ತಲಿನಲ್ಲಿ ಮಳೆಗೆ ನೆನೆಯುತ್ತಾ ಬಿದ್ದಿತ್ತು. ೧೯೭೯ರಲ್ಲಿ ಹೊರಗೆಳೆದಾಗ ಬಾಗಿಲು ಕೈಗೇ ಬಂತು. ತಳದ ತಗಡನ್ನು ತುಕ್ಕು ತಿಂದಿತ್ತು, ಒಳಗೆ ಕೂತರೆ ನೆಲ ಕಾಣುತ್ತಿತ್ತು. ಬಟ್ಟೆಯ ಚಾವಣಿಯನ್ನು ಇಲಿಗಳು ಮುಗಿಸಿದ್ದವು. ಚಾವಣಿ ಬೇಡವೇ ಬೇಡ, ಮಗ ಊರಿಗೆಲ್ಲ ಕಾಣಬೇಕು ಎಂದರು ಸರ್ವಮಂಗಳಮ್ಮ.

ಅಪ್ಪನ ಕಾರಿನಲ್ಲಿ ಊರೆಲ್ಲ ಮೆರವಣಿಗೆ ಹೋಗಬೇಕೆಂದು ಮರುಳಸಿದ್ದಪ್ಪ ಚಿಕ್ಕಂದಿನಿಂದ ಹೇಳುತ್ತಿದ್ದನಂತೆ. ಇದ್ದೊಬ್ಬ ಮಗನ ಆಸೆ. ಆ ದಿನಕ್ಕೆ ಗಾಡಿ ಆಗದೆ ಹೋದರೆ ಎಂಬ ಹೆದರಿಕೆ ತಾಯಿಯನ್ನು ಗ್ಯಾರೇಜಿನ ಬಾಗಿಲಲ್ಲೇ ಕೂರಿಸಿತ್ತು.

“ಮುಹೂರ್ತ ಯಾವತ್ರಮ್ಮಾ?”

“ಗೊತ್ತಾಗಿಲ್ಲಪ್ಪಾ. ಯಾವತ್ತಾದ್ರೂ ಬರಬೌದು. ಅಷ್ಟ್ರೊಳಗೆ ಮುಗಿಸು.”

ಹೆಣ್ಣಿನ ಕಡೆಯವರು ಸತಾಯಿಸುತ್ತಿದ್ದಾರೆ ಎಂದುಕೊಂಡ ಹನುಮಣ್ಣ. ತಾಯಿ ಮಗ ವಾರವಾರ ದಾವಣಗೆರೆ ಬಸ್ಸು ಹತ್ತುತ್ತಿದ್ದರು. ಜವಳಿ ತರಲು ಹೋದವರು ಬರಿಗೈಲಿ ಬರುವುದನ್ನು ನೋಡಿ, ದೊಡ್ಡವರಿಗೆ ಯಾವ ಸೀರೆಯೂ ಮನಸ್ಸಿಗೆ ಬರುವುದಿಲ್ಲ ಎಂದು ನಕ್ಕ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ತುಕ್ಕು ಹಿಡಿದ ಕಾರನ್ನೂ ಅದಕ್ಕೆ ಸೇರಿಸಬೇಕಿತ್ತು.

ಹೊಸ ತಗಡು ಕೂರಿಸಿದ ದಿನ ಸರ್ವಮಂಗಳಮ್ಮ ಬಾನೆಟ್ಟಿನ ಮೇಲೆ ಕೈಯಿಟ್ಟು ಅತ್ತುಬಿಟ್ಟರು. ಗಂಡನ ನೆನಪು. ಆಮೇಲೆ ಹನುಮಣ್ಣ ಗೊಣಗಲಿಲ್ಲ. ಬೇರೆ ಗಾಡಿಗಳನ್ನೆಲ್ಲ ವಾಪಸ್ಸು ಕಳಿಸಿ ಇದೊಂದನ್ನೇ ಉಜ್ಜಿದ, ಬೆಸೆದ, ಬಣ್ಣ ಬಳಿದ.

ಮರುಳಸಿದ್ದಪ್ಪ ಒಂದೇ ಸಲ ಬಂದದ್ದು. ಬಿಸಿಲಲ್ಲೂ ಶಾಲು ಹೊದ್ದಿದ್ದ. ಹತ್ತಿ ಕೂತರೆ ಸೀಟಿನ ಸ್ಪ್ರಿಂಗು ಅಲುಗಲೂ ಇಲ್ಲ. ಮದುವೆ ಅಂದರೆ ಊಟ ಬಿಡುವ ಹುಡುಗರನ್ನು ಹನುಮಣ್ಣ ಕಂಡಿದ್ದ.

“ಅವತ್ತು ನಿಧಾನಕ್ಕೆ ಬಿಡು ಹನುಮಣ್ಣ. ಅವ್ವ ಹಿಂದೆ ನಡ್ಕೊಂಡು ಬರ್ತಾಳೆ.”

“ಅವ್ವಾರನ್ನೂ ಹತ್ತಿಸ್ಕೊಂಡ್ರಾತು, ಬಿಡ್ರಿ.”

ಹುಡುಗ ನಕ್ಕ. ತಾಯಿ ರಸ್ತೆಯ ಕಡೆ ತಿರುಗಿ ನಿಂತರು.

ಬಣ್ಣ ಒಣಗಿದ ಮಾರನೆಯ ಬೆಳಿಗ್ಗೆಯೇ ಗಾಡಿ ತರಬೇಕೆಂದು ಹೇಳಿಕಳಿಸಿದರು. ಎಲ್ಲ ದಿಢೀರನೆ ಕೂಡಿ ಬಂದಿದೆ ಎಂದು ಹನುಮಣ್ಣ ಹಿಗ್ಗಿದ. ಮಡಿ ಪಂಚೆ ಉಟ್ಟು, ಕಾರಿಗೆ ಚೆಂಡು ಹೂವಿನ ಮಾಲೆ ಸುತ್ತಿ ಹೊರಟ. ಮನೆಯ ಮುಂದೆ ಊರೇ ನೆರೆದಿತ್ತು, ಭಜನೆ ನಡೆದಿತ್ತು. ಜನರ ತಲೆಗಳಾಚೆ, ಜಗಲಿಯ ನೆರಳಿನಲ್ಲಿ, ಹಣೆತುಂಬ ವಿಭೂತಿ, ಕೊರಳುದ್ದ ಹಾರ ಹಾಕಿಸಿಕೊಂಡು ಮರುಳಸಿದ್ದಪ್ಪ ಗೋಡೆಗೊರಗಿ ಕೂತಿದ್ದ. ಹನುಮಣ್ಣ ಹಾರನ್ ಒತ್ತಿ ಕೂಗಿದ.

“ಮದುಮಗನೇ, ಏಳ್ರಿ, ಗಾಡಿ ಬಂದೈತೆ.”

ಭಜನೆ ನಿಂತಿತು. ಸರ್ವಮಂಗಳಮ್ಮ ಮೆಟ್ಟಿಲಿಳಿದು ಬಂದು ಕಾರಿನ ಬಾಗಿಲು ತೆರೆದರು.

“ಅವನು ಏಳಲ್ಲಪ್ಪಾ. ನಾಲ್ಕು ಜನ ಸೇರಿ ಎತ್ತಿ ಕೂರಿಸ್ರಿ.”