ಚೆಲುವಯ್ಯನ ಅಸಲಿ ಕಾಗೆ

ಲೋಕದ ಕಾಗೆಗಳೆಲ್ಲ ನಿರ್ವಂಶವಾದ ಮೇಲೆ ಉಳಿದಿದ್ದ ಒಂದೇ ಒಂದು ಕಾಗೆ ನಂಜನಗೂಡಿನ ಚೆಲುವಯ್ಯನದು. ತಿಥಿಯ ಎಡೆ ಮುಟ್ಟಿಸಲು ಜನ ವರ್ಷಕ್ಕೆ ಮುಂಚೆಯೇ ಬಂದು ಅದನ್ನು ಗೊತ್ತುಮಾಡಿಕೊಂಡು ಹೋಗುತ್ತಿದ್ದರು. ಈಚೆಗೆ ಕಂಪನಿಯೊಂದು ಹೊಸ ಕಾಗೆಗಳನ್ನು ತಯಾರಿಸಿ ಬಿಟ್ಟಿತು ನೋಡಿ, ಅವು ದಿನಸಿ ಅಂಗಡಿಯಲ್ಲೂ ಸಿಗತೊಡಗಿದವು. ಚೆಲುವಯ್ಯನ ಬಾಗಿಲಿಗೆ ನರಪಿಳ್ಳೆಯೂ ಸುಳಿಯದಾಯಿತು. "ಅಸಲಿಗಿರೋ ಬೆಲೆ ಎಲ್ಲೂ ಹೋಗಲ್ಲ ಕಣೋ," ಎಂದು ಅವನು ದಿನವೂ ಕಾಗೆಗೆ ಸಮಾಧಾನ ಹೇಳುವನು. ಕಾಗೆ ಮುಖ ತಿರುಗಿಸುವುದು.

ಅಂಥದ್ದರಲ್ಲಿ ಒಂದು ಮಧ್ಯಾಹ್ನ ಎದುರುಮನೆಯ ಪುಟ್ಟತಾಯಮ್ಮ ಏದುಸಿರು ಬಿಡುತ್ತ ಬಂದರು. ಅವತ್ತು ಅವರ ಗಂಡನ ತಿಥಿ.

"ನಿನ್ ಕಾಗೇನೇ ಕೊಡು ಚೆಲುವಣ್ಣ."

"ಯಾಕಕ್ಕ, ಹೊಸ ಕಾಗೆ ಎಡೆ ಮುಟ್ಟಲಿಲ್ವಾ?"

"ಇಟ್ಟ ತಕ್ಷಣ ತಿಂತು. ಎಲೆ ಬಳಿದು ತಿಂತು."

"ಹಂಗಾದ್ರೆ ಯಜಮಾನ್ರಿಗೆ ತೃಪ್ತಿಯಾಯ್ತಲ್ಲ."

"ನಲವತ್ತು ವರ್ಷ ನನ್ ಅಡುಗೇಲಿ ಕೊಂಕು ತೆಗೀದೆ ಒಂದು ತುತ್ತೂ ತಿಂದೋರಲ್ಲ ಅವರು. ಬಂದು ಉಂಡ್ಹೋದೋರು ಇನ್ಯಾರೋ."

ಚೆಲುವಯ್ಯ ಕಾಗೆಯನ್ನು ಅವರ ತಾರಸಿಗೆ ಒಯ್ದು ಬಿಟ್ಟ. ಅದು ಎಡೆಯ ಸುತ್ತ ಒಮ್ಮೆ ನಡೆದು, ವಡೆಯನ್ನು ಕೊಕ್ಕಿನಿಂದ ಆಚೆ ಎಸೆದು, ಬೆನ್ನು ತಿರುಗಿಸಿ ಕೂತಿತು. ಚೆಲುವಯ್ಯ ಕಾಗೆಯನ್ನು ಎತ್ತಿಕೊಳ್ಳಲು ಕೈ ಚಾಚಿದ.

ಪುಟ್ಟತಾಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಬಂದ್ರು," ಎಂದರು. "ಒಂಚೂರು ಇರಿ ಅಂತ ಹೇಳು. ಬಿಸಿ ವಡೆ ಹಾಕ್ಕೊಂಡು ಬರ್ತೀನಿ."